ಕೃತಜ್ಞತೆಯ ಪಟ್ಟಿ: ವಾರಕ್ಕೊಮ್ಮೆ ಸಾಕು

ಮಾನ್ಯರೇ,

‘ದಿನಾ ಮಲಗುವ ಮುನ್ನ ಹತ್ತು ಕೃತಜ್ಞತೆ ಬರೆಯಿರಿ’ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಹುರುಪಿನಿಂದ ಶುರುಮಾಡಿದವರು ಹದಿನೈದು ದಿನಕ್ಕೆ ಪುಸ್ತಕ ಮುಚ್ಚಿಡುವುದೂ ಅಷ್ಟೇ ಸಾಮಾನ್ಯ. ತಪ್ಪು ಅವರದಲ್ಲ, ಸಲಹೆಯದು.

ಮೊದಲ ದಿನ ‘ಆರೋಗ್ಯ, ಮನೆ, ಮಕ್ಕಳು’ ಎಂದು ಬರೆದಿರುತ್ತಾರೆ. ಏಳನೆಯ ದಿನವೂ ಅದೇ. ಹದಿನಾಲ್ಕನೆಯ ದಿನಕ್ಕೆ ಬರೆಯುವುದು ಕೈ ಮಾತ್ರ, ಮನಸ್ಸು ಆಗಲೇ ನಿದ್ದೆಗೆ ಜಾರಿರುತ್ತದೆ. ಸಿಕ್ಕಿದ ಸುಖಕ್ಕೆ ಒಗ್ಗಿಹೋಗುವ ಮನಸ್ಸು ಕೃತಜ್ಞತೆಯ ಪಟ್ಟಿಗೂ ಒಗ್ಗಿಹೋಗುತ್ತದೆ. ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ ಆರು ವಾರಗಳ ಪ್ರಯೋಗದಲ್ಲಿ ನೆಮ್ಮದಿ ಹೆಚ್ಚಿದ್ದು ವಾರಕ್ಕೊಮ್ಮೆ ಬರೆದವರಿಗೆ. ವಾರಕ್ಕೆ ಮೂರು ಬಾರಿ ಬರೆದವರಿಗಲ್ಲ. ಈ ಕ್ಷೇತ್ರದ ಹೆಸರಾಂತ ಅಧ್ಯಯನ, ಮನೋವಿಜ್ಞಾನಿಗಳಾದ ಎಮನ್ಸ್ ಮತ್ತು ಮೆಕಲಫ್ ಅವರ 2003ರದು, ಮೊದಲ ಪ್ರಯೋಗದಲ್ಲಿ ಕೇಳಿದ್ದೂ ವಾರಕ್ಕೊಮ್ಮೆ, ಹೆಚ್ಚೆಂದರೆ ಐದು ಸಂಗತಿ, ಹತ್ತು ವಾರ.

ಆದ್ದರಿಂದ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು, ಹತ್ತು ನಿಮಿಷ ಕೂತು ಮೂರೇ ಸಂಗತಿ ಬರೆಯಿರಿ. ಮೂರೂ ಆ ವಾರದವೇ ಆಗಿರಲಿ, ಸಣ್ಣವಾಗಿರಲಿ. ‘ಕುಟುಂಬ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಗುರುವಾರ ಜ್ವರ ಬಂದಾಗ ಅಕ್ಕ ರಾತ್ರಿ ಎರಡು ಸಲ ಎದ್ದು ಬಂದು ಹಣೆ ಮುಟ್ಟಿ ನೋಡಿದಳು’ ಎಂದರೆ ಹೇಳಿದಂತಾಯಿತು. ಪ್ರತಿಯೊಂದರ ಪಕ್ಕದಲ್ಲಿ ‘ಇದು ಹೇಗೆ ಒದಗಿತು?’ ಎಂಬುದಕ್ಕೆ ಒಂದು ಸಾಲಿನ ಉತ್ತರವಿರಲಿ. ಈ ಸಾಲನ್ನು ಮಾತ್ರ ಬಿಡಬೇಡಿ.

ಬರೆಯಲು ಏನೂ ಹೊಳೆಯದಿದ್ದರೆ, ಇರುವುದೊಂದನ್ನು ಇಲ್ಲವೆಂದುಕೊಂಡು ಕಳೆದು ನೋಡಿ. ಬಲಗೈ ಹೆಬ್ಬೆರಳನ್ನು ಅಂಗೈಗೆ ಮಡಚಿಟ್ಟುಕೊಂಡು ಅಂಗಿಯ ಗುಂಡಿ ಹಾಕಿ, ಬೀಗ ತೆಗೆಯಿರಿ, ಪೆನ್ನು ಹಿಡಿಯಿರಿ. ಎರಡು ನಿಮಿಷ ಸಾಕು. ಇದ್ದ ಬೆರಳು ಕಣ್ಣಿಗೆ ಬೀಳುವುದು ಆಗಲೇ. ಒಳ್ಳೆಯದು ಹೇಗೆ ಘಟಿಸಿತು ಎಂದು ಬರೆದವರಿಗಿಂತ, ಅದು ಘಟಿಸದೇ ಹೋಗಬಹುದಿತ್ತು ಎಂದು ಬರೆದವರಿಗೆ ಹೆಚ್ಚು ಖುಷಿಯಾಯಿತೆಂದು 2008ರ ಒಂದು ಅಧ್ಯಯನ ಹೇಳಿದೆ. ಸದಾ ಆತಂಕದಲ್ಲೇ ಇರುವವರು ಮಾತ್ರ ಈ ಕಳೆಯುವ ಆಟಕ್ಕೆ ಇಳಿಯದಿರುವುದು ಒಳಿತು. ಅವರಿಗೆ ಕಳೆದದ್ದನ್ನು ಮತ್ತೆ ಕೂಡಿಸುವುದು ಕಷ್ಟ.

‘ಪಾಪ, ಅವರಿಗೆ ಅದೂ ಇಲ್ಲ’ ಎಂಬ ಹೋಲಿಕೆ ಕೃತಜ್ಞತೆಯಲ್ಲ, ಬರೀ ಸಮಾಧಾನ, ತಮಗಿಂತ ಮೇಲಿನವರು ಕಂಡೊಡನೆ ಅದು ಕರಗುತ್ತದೆ. ದುಡಿದಷ್ಟು ಕೂಲಿ ಸಿಗದವನಿಗೆ, ಹೊಡೆತ ತಿನ್ನುತ್ತಿರುವವಳಿಗೆ ‘ಇದ್ದುದರಲ್ಲಿ ತೃಪ್ತಿಪಡು’ ಎನ್ನುವುದಂತೂ ಬಾಯಿ ಮುಚ್ಚಿಸುವ ಉಪಾಯ. ಖಿನ್ನತೆಗೂ ಕೃತಜ್ಞತೆಯ ಪಟ್ಟಿ ಮದ್ದಲ್ಲ. 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಖಿನ್ನತೆ, ಆತಂಕಗಳ ಮೇಲೆ ಇದರ ಪರಿಣಾಮ ಅಲ್ಪವೆಂದೇ ಕಂಡಿತು. ಚಿಕಿತ್ಸೆ ಬೇಕಾದವರು ಚಿಕಿತ್ಸೆಯನ್ನೇ ಪಡೆಯಬೇಕು.

ಪಟ್ಟಿಯಲ್ಲಿ ಒಬ್ಬರ ಹೆಸರು ಮತ್ತೆ ಮತ್ತೆ ಬಂದರೆ ಅವರಿಗೇ ಒಂದು ಪುಟ ಬರೆದುಕೊಡಿ: ಅವರು ಏನು ಮಾಡಿದರು, ಅದರಿಂದ ನಿಮಗೆ ಏನಾಯಿತು. ಹೀಗೆ ಬರೆಯುವವರು ಓದುವವರ ಮುಜುಗರವನ್ನು ಇರುವುದಕ್ಕಿಂತ ಹೆಚ್ಚಾಗಿ, ಸಂತೋಷವನ್ನು ಕಡಿಮೆಯಾಗಿ ಊಹಿಸುತ್ತಾರೆಂದು 2018ರಲ್ಲಿ ಸಂಶೋಧಕರಾದ ಕುಮಾರ್ ಮತ್ತು ಎಪ್ಲಿ ತೋರಿಸಿದ್ದಾರೆ. ಪತ್ರದ ಕೊನೆಯಲ್ಲಿ ಹೊಸ ಸಹಾಯವೊಂದನ್ನು ಕೇಳದಿದ್ದರೆ ಆಯಿತು.