ಸ್ಲೈಡ್ ನೋಡಿದ ಪೆಥಾಲಜಿ ಡಾಕ್ಟರಿಗೆ

ಮೇಡಂ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಫೋನಿನಲ್ಲಿ ಕೇಳಿದ ದನಿ ಮಾತ್ರ ಗೊತ್ತು.

ನನ್ನ ತೊಡೆಯಲ್ಲಿದ್ದ ಗಡ್ಡೆಗೆ ನೋವೇ ಇರಲಿಲ್ಲ. ಆದರೆ ಎಂಆರ್‌ಐನಲ್ಲಿ ಅದು ಮಾಮೂಲಿ ಕೊಬ್ಬಿನ ಗಡ್ಡೆಯ ಹಾಗೆ ಕಾಣಲಿಲ್ಲ, ಒಳಗೆ ರಕ್ತನಾಳಗಳು ಜಾಸ್ತಿ ಇದ್ದವು. ಪೆಟ್ ಸ್ಕ್ಯಾನಿನಲ್ಲಂತೂ ಕೆಂಡದ ಹಾಗೆ ಹೊಳೆಯಿತು. ಲೈಪೋಸಾರ್ಕೋಮಾ, ಅಂದರೆ ಕೊಬ್ಬಿನ ಕ್ಯಾನ್ಸರ್ ಇರಬಹುದು ಅಂದರು. ಮನೆಯಲ್ಲಿ ಎಲ್ಲರ ನಿದ್ದೆಯೂ ಹೋಯಿತು.

ಬಯಾಪ್ಸಿ ನಿಮ್ಮ ಕೈಗೆ ಬಂತು. ಜೀವಕೋಶಗಳ ತುಂಬ ಸಣ್ಣ ಸಣ್ಣ ಕೊಬ್ಬಿನ ಹನಿಗಳನ್ನು ನೋಡಿ ನಿಮಗೆ ಹೈಬರ್ನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಒಂದು ಬಗೆಯ ಕೊಬ್ಬಿನ ಗಡ್ಡೆ ಇರಬೇಕು ಅನ್ನಿಸಿತು. ಅಷ್ಟಕ್ಕೇ ಬಿಡದೆ ಎಂಡಿಎಂ2 ಜೀನ್ ಪರೀಕ್ಷೆಯನ್ನೂ ಮಾಡಿಸಿದಿರಿ. ಕೊಬ್ಬಿನ ಕ್ಯಾನ್ಸರಿನ ಒಂದು ಮುಖ್ಯ ಬಗೆಯಲ್ಲಿ ಈ ಜೀನಿನ ಪ್ರತಿಗಳು ಬಹಳ ಹೆಚ್ಚಿರುತ್ತವಂತೆ. ನನ್ನದರಲ್ಲಿ ಹಾಗಿರಲಿಲ್ಲ.

ಆಮೇಲೆ ನೀವೇ ಫೋನ್ ಮಾಡಿದಿರಿ. ಅದು ನಿಮ್ಮ ಕೆಲಸವೂ ಅಲ್ಲ, ಅಲ್ವಾ? ಎಳೆ ಮಗುವಿನ ಮೈ ಬೆಚ್ಚಗಿಡುವ ಕಂದು ಕೊಬ್ಬಿನ ಥರದ್ದೇ ಗಡ್ಡೆ ಇದು, ಸಕ್ಕರೆ ಜಾಸ್ತಿ ಹೀರುವುದರಿಂದ ಸ್ಕ್ಯಾನಿನಲ್ಲಿ ಹೊಳೆಯುತ್ತದೆ, ಬೇರೆ ಕಡೆ ಹರಡುವುದಿಲ್ಲ ಎಂದು ಬಿಡಿಸಿ ಹೇಳಿದಿರಿ. ಅಮ್ಮನಿಗೆ ಮತ್ತೊಮ್ಮೆ ಹೇಳಿದಿರಿ, ಬೇಸರಿಸದೆ.

ಗಡ್ಡೆಯನ್ನು ಪೂರ್ತಿ ತೆಗೆದರು. ಕೊನೆಯ ವರದಿಯೂ ನಿಮ್ಮ ಮಾತನ್ನೇ ಹೇಳಿತು. ತುಂಬಾ ಥ್ಯಾಂಕ್ಸ್ ಮೇಡಂ, ಅಮ್ಮನ ಪರವಾಗಿಯೂ.