ನಿನ್ನ ನಾಲ್ಕನೆಯ ನಕ್ಷೆ ತಲುಪಿತು

ಪ್ರೀತಿಯ ಗೆಳೆಯಾ,

ಎರಡು ದಿನ ಉತ್ತರ ಬರೆಯದೆ ಉಳಿದದ್ದಕ್ಕೆ ಬೇಸರಪಡಬೇಡ. ನೀನು ಕಳುಹಿಸಿದ ಹೊಸ ಮನೆಯ ನಕ್ಷೆಯನ್ನು 1:50ರ ಅಳತೆಯಲ್ಲಿ ದೊಡ್ಡ ಹಾಳೆಯ ಮೇಲೆ ತೆಗೆಸಿದೆ. ನಿಮ್ಮ ಮನೆಯ ಮಂಚ, ಬೀರು, ಊಟದ ಮೇಜು, ಸೋಫಾಗಳನ್ನು ಅದೇ ಅಳತೆಗೆ ರಟ್ಟಿನಿಂದ ಕತ್ತರಿಸಿ ಒಂದೊಂದಾಗಿ ಕೋಣೆಗಳಲ್ಲಿ ಇಟ್ಟು ನೋಡಿದೆ. ಆಮೇಲೆ ಪೆನ್ಸಿಲ್ ಹಿಡಿದು ನಿಮ್ಮ ಮನೆಯೊಳಗೆ ಬೆಳಗಿನಿಂದ ರಾತ್ರಿಯವರೆಗೆ ಓಡಾಡಿದೆ. ಮೊದಲು ಏಳುವವರು ದೀಪ ಹಾಕಿದರೆ ಯಾರ ಕಣ್ಣಿಗೆ ಬೆಳಕು ಬೀಳುತ್ತದೆ? ಒದ್ದೆ ಬಟ್ಟೆಯ ಬಕೆಟ್ ಹೊತ್ತವರು ಎಲ್ಲೆಲ್ಲಿ ಹಾದು ಹೋಗಬೇಕು? ಶಾಲೆಯಿಂದ ಬಂದ ಮಕ್ಕಳು ಚೀಲ ಎಸೆಯುವುದು ಎಲ್ಲಿ? ಒಂದೊಂದು ನಡಿಗೆಗೂ ಒಂದೊಂದು ಗೆರೆ ಎಳೆದೆ.

ಅಡುಗೆಮನೆಯನ್ನು ಮುಟ್ಟಲೇಬೇಡ. ಪೂರ್ವದ ಬೆಳಕು, ಎರಡು ಗೋಡೆಗಳಲ್ಲಿ ಕಿಟಕಿ, ಎದುರುಬದುರು ಕಟ್ಟೆಗಳ ನಡುವೆ ನಾಲ್ಕು ಅಡಿ. ಒಬ್ಬರು ಬಗ್ಗಿ ಕಪಾಟು ತೆಗೆದಾಗ ಇನ್ನೊಬ್ಬರು ಹಿಂದಿನಿಂದ ಹಾದು ಹೋಗಬಹುದು. ಅದು ಚೆನ್ನಾಗಿ ಕೂಡಿಬಂದಿದೆ.

ನನ್ನ ಗೆರೆಗಳೆಲ್ಲ ಗಂಟುಬಿದ್ದದ್ದು ನಡುಮನೆಯಲ್ಲಿ. ಅದಕ್ಕೆ ಐದು ಬಾಗಿಲುಗಳಿವೆ, ಎಣಿಸಿದ್ದೀಯಾ? ಹದಿನೆಂಟು ಅಡಿ ಉದ್ದದ ಕೋಣೆಯಲ್ಲಿ ಸೋಫಾ ಒರಗಿಸಲು ಏಳು ಅಡಿಯ ಒಂದು ಇಡೀ ಗೋಡೆ ಸಿಗಲಿಲ್ಲ. ಯಾರು ಎಲ್ಲಿಗೆ ಹೋಗುವುದಿದ್ದರೂ ಕುಳಿತವರ ಮೊಣಕಾಲು ದಾಟಿಯೇ ಹೋಗಬೇಕು. ಕೋಣೆಯನ್ನು ದೊಡ್ಡದು ಮಾಡಿದರೆ ಇದು ಸರಿಹೋಗುವುದಿಲ್ಲ. ಮಲಗುವ ಕೋಣೆಯ ಬಾಗಿಲನ್ನು ಮೂರು ಅಡಿ ಸರಿಸಿ ಮೂಲೆಗೆ ತಾ, ಹಿತ್ತಿಲ ಬಾಗಿಲನ್ನು ಊಟದ ಜಾಗದ ಕಡೆಗೆ ತಿರುಗಿಸು. ಆಗ ಓಡಾಟವೆಲ್ಲ ಒಂದು ಅಂಚಿನಲ್ಲಿ ಸಾಗುತ್ತದೆ, ಉಳಿದ ಭಾಗ ಕೂರುವವರಿಗೆ ಸಿಗುತ್ತದೆ. ಇದರಿಂದ ಕೋಣೆಗಳ ನಡುವಿನ ಓಣಿಯೂ ಮೊಟಕಾಗುತ್ತದೆ. ಈಗಿರುವ ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಓಣಿ ಎಂದರೆ 80 ಚದರ ಅಡಿ, ಮಕ್ಕಳು ಓದಿಕೊಳ್ಳುವ ಒಂದು ಸಣ್ಣ ಕೋಣೆಯಷ್ಟು ಜಾಗ. ಪೂರ್ತಿ ತೆಗೆದುಹಾಕು ಎನ್ನುತ್ತಿಲ್ಲ. ನಡುಮನೆಯ ಮಾತು ಮಲಗುವ ಕೋಣೆಗೆ ನೇರವಾಗಿ ನುಗ್ಗದಂತೆ ತಡೆಯಲು ಒಂದಿಷ್ಟು ಓಣಿ ಬೇಕು. ಎಂಟು ಅಡಿ ಸಾಕು.

ಇನ್ನು ಮೆಟ್ಟಿಲು. ಇದನ್ನು ನೀನು ಸಮಾಧಾನದಿಂದ ಓದಬೇಕು, ಏಕೆಂದರೆ ನಕ್ಷೆಯ ದೊಡ್ಡ ತಪ್ಪು ಇಲ್ಲಿದೆ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು, ಅಂದರೆ 126 ಇಂಚು. ನೀನು ಹತ್ತು ಅಡಿ ಉದ್ದದಲ್ಲಿ 12 ಮೆಟ್ಟಿಲುಗಳನ್ನು ಒಂದೇ ಸಾಲಿನಲ್ಲಿ ಬರೆದಿದ್ದೀಯ. 12 ಮೆಟ್ಟಿಲಿಗೆ 13 ಏರು (ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹತ್ತುವ ಎತ್ತರ) ಬರುತ್ತವೆ, ಕೊನೆಯ ಏರು ಮಹಡಿಯ ನೆಲಕ್ಕೇ ಸೇರುವುದರಿಂದ. 126ನ್ನು 13ರಿಂದ ಭಾಗಿಸಿ ನೋಡು: ಒಂದೊಂದು ಏರೂ ಹತ್ತಿರ ಹತ್ತಿರ ಹತ್ತು ಇಂಚು! ಅದು ಅಟ್ಟದ ಏಣಿಯಾದೀತು, ಮಗುವನ್ನು ಎತ್ತಿಕೊಂಡು ಇಳಿಯುವ ದಾರಿಯಾಗದು. ಎರಡು ಏರು ಮತ್ತು ಒಂದು ಮೆಟ್ಟಿಲಗಲ ಕೂಡಿದರೆ 24 ಇಂಚಿನ ಆಸುಪಾಸು ಬರಬೇಕು ಎಂಬ ಲೆಕ್ಕವನ್ನು ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ 17ನೆಯ ಶತಮಾನದಲ್ಲೇ ಮನುಷ್ಯನ ಹೆಜ್ಜೆಯನ್ನು ನೋಡಿ ಹೇಳಿದ. ಇಂದಿಗೂ ಮನೆ ಕಟ್ಟುವವರು ಅದನ್ನು ಬಿಟ್ಟಿಲ್ಲ. ನಿನ್ನ ಎತ್ತರಕ್ಕೆ ಏಳು ಇಂಚಿನ 18 ಏರು, ಹತ್ತು ಇಂಚಿನ 17 ಮೆಟ್ಟಿಲು ಬೇಕು. ಒಂದೇ ಸಾಲಿನಲ್ಲಾದರೆ 14 ಅಡಿ 2 ಇಂಚು ಉದ್ದ. ಅಷ್ಟು ಜಾಗ ಅಲ್ಲಿಲ್ಲ.

ಹಾಗಾಗಿ ನಡುವೆ ನಿಂತು ತಿರುಗಲು ಒಂದು ಸಮತಟ್ಟಾದ ತಂಗುಗಟ್ಟೆ ಇಟ್ಟು ಮೆಟ್ಟಿಲನ್ನು ಹಿಂದಕ್ಕೆ ತಿರುಗಿಸು. ಒಂಬತ್ತು ಏರು ಆ ಕಡೆ, ಒಂಬತ್ತು ಏರು ಈ ಕಡೆ. ಎಂಟು ಮೆಟ್ಟಿಲಿಗೆ 6 ಅಡಿ 8 ಇಂಚು, ತಂಗುಗಟ್ಟೆಗೆ ಮೂರು ಅಡಿ. ಹತ್ತು ಅಡಿಯೊಳಗೇ ಮುಗಿಯುತ್ತದೆ. ಅಗಲ ಮಾತ್ರ ಆರೂವರೆ ಅಡಿ ಬೇಡುತ್ತದೆ, ಅದನ್ನು ಅತಿಥಿ ಕೋಣೆಯಿಂದ ಕೊಡು. ತಂಗುಗಟ್ಟೆಯ ಕೆಳಗೆ ಶೌಚಾಲಯ ಹಿಡಿಸುವ ಆಸೆಯನ್ನು ಬಿಡಬೇಕಾದೀತು. ಅದು ನೆಲದಿಂದ 63 ಇಂಚಿನ ಮೇಲಿರುತ್ತದೆ, ಕಾಂಕ್ರೀಟಿನ ದಪ್ಪ ಕಳೆದರೆ ಒಳಗೆ ಐದು ಅಡಿಯೂ ಉಳಿಯದು. ಅಲ್ಲಿ ಪೊರಕೆ, ಏಣಿ, ಸೂಟ್‌ಕೇಸು ಇಡುವ ಗೂಡು ಮಾಡು. ನಿನ್ನ ನಕ್ಷೆಯಲ್ಲಿ ಎಲ್ಲ ಮನುಷ್ಯರಿಗೂ ಕೋಣೆ ಇದೆ, ಸಾಮಾನುಗಳಿಗೆ ಎಲ್ಲಿಯೂ ಜಾಗವಿಲ್ಲ.

ಮೇಲಿನ ಬಚ್ಚಲನ್ನು ಕೆಳಗಿನ ಬಚ್ಚಲಿನ ನೇರಕ್ಕೆ ತಾ. ಈಗಿರುವಲ್ಲಿ ಅದರ ಕೊಳವೆ ಹತ್ತು ಅಡಿ ಅಡ್ಡ ಹರಿಯಬೇಕು. ನಲವತ್ತಕ್ಕೆ ಒಂದರ ಇಳಿಜಾರಿಗೇ ಮೂರು ಇಂಚು ತಗ್ಗಬೇಕು, ಅದೂ ನಿಮ್ಮ ಊಟದ ಮೇಜಿನ ನೆತ್ತಿಯ ಮೇಲೆ. ಮಕ್ಕಳ ಕೋಣೆಯ ಪಶ್ಚಿಮದ ಕಿಟಕಿ ಚಿಕ್ಕದಾಗಲಿ. ಸಂಜೆಯ ಸೂರ್ಯ ಕೆಳಗಿಳಿದು ನೇರವಾಗಿ ಬರುವುದರಿಂದ ಮೇಲಿನ ಸಜ್ಜಾ ಅದನ್ನು ತಡೆಯುವುದಿಲ್ಲ.

ನಿನ್ನ ಅಮ್ಮನ ಕೋಣೆಯ ವಿಷಯ ಬರೆಯಲು ನನಗೆ ಕಷ್ಟವಾಗುತ್ತಿದೆ. ಆದರೂ ಬರೆಯಲೇಬೇಕು.

ನಮ್ಮ ಮನೆ ಕಟ್ಟಿದಾಗ ಅಪ್ಪ ಗಟ್ಟಿಮುಟ್ಟಾಗಿದ್ದರು. ಬಚ್ಚಲಿಗೆ ಎಲ್ಲರೂ ಇಡುವಂತೆ 28 ಇಂಚಿನ ಬಾಗಿಲು ಇಟ್ಟೆವು. ಆರು ವರ್ಷಗಳ ನಂತರ ಅವರು ಗಾಲಿಕುರ್ಚಿಗೆ ಬಂದರು. ಚೌಕಟ್ಟು, ತೆರೆದು ನಿಂತ ಬಾಗಿಲಿನ ದಪ್ಪ ಎಲ್ಲ ಕಳೆದು ದಾರಿಗೆ ಉಳಿದದ್ದು ಎರಡು ಅಡಿ; ಕುರ್ಚಿ ಒಳಗೆ ಹೋಗಲಿಲ್ಲ. ಎಂಟು ತಿಂಗಳು, ದಿನಕ್ಕೆ ಹಲವು ಸಲ, ನಾನೋ ತಮ್ಮನೋ ಅವರನ್ನು ಹೊಸ್ತಿಲಲ್ಲಿ ಎಬ್ಬಿಸಿ, ತಬ್ಬಿ ಹಿಡಿದು ಒಳಗೆ ಒಯ್ಯುತ್ತಿದ್ದೆವು. ಪ್ರತಿ ಸಲವೂ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಂಟು ಇಂಚು ಹೆಚ್ಚು ಬಿಟ್ಟಿದ್ದರೆ ಆ ಸಂಕೋಚ ಅವರಿಗೆ ಬರುತ್ತಿರಲಿಲ್ಲ. ನನಗೆ ಅದು ಇಂದಿಗೂ ನೋಯುತ್ತದೆ.

ಅಮ್ಮನ ಬಚ್ಚಲಿಗೆ ಮೂರು ಅಡಿಯ ಬಾಗಿಲು ಇಡು. ತೆರೆದಾಗ ಕನಿಷ್ಠ 32 ಇಂಚು ದಾರಿ ಉಳಿಯಬೇಕು. ಬಾಗಿಲು ಹೊರಕ್ಕೆ ತೆರೆದುಕೊಳ್ಳಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಬಿದ್ದವರ ದೇಹವೇ ತಡೆಯುತ್ತದೆ. ಗಾಲಿಕುರ್ಚಿ ತಿರುಗಲು ಐದು ಅಡಿ ವ್ಯಾಸದ ತೆರವು ಬೇಕು, ಹೊಸ್ತಿಲು ಬೇಡ. ಕೈಹಿಡಿಯ ಕಂಬಿಯನ್ನು ಈಗಲೇ ಹಾಕಬೇಕಾಗಿಲ್ಲ, ಆದರೆ ಅದು ಬರುವ ಕಡೆ ಗೋಡೆ ಗಟ್ಟಿಯಾಗಿರಲಿ. ಕೋಣೆಯಲ್ಲಿ ಮಂಚದ ಒಂದು ಬದಿಗಾದರೂ ಮೂರು ಅಡಿ ಬಿಡು. ಈ ಜಾಗವೂ ಅತಿಥಿ ಕೋಣೆಯಿಂದಲೇ ಬರಲಿ. ವರ್ಷಕ್ಕೆ ನಾಲ್ಕು ದಿನ ಬರುವ ನಾನು ನಡುಮನೆಯಲ್ಲಿ ಸುಖವಾಗಿ ಮಲಗುತ್ತೇನೆ. ಅಮ್ಮ ಈಗ ಚುರುಕಾಗಿ ಓಡಾಡುತ್ತಾರೆ, ನಿಜ. ಈ ಮನೆ ನಿನ್ನ ಮತ್ತು ನಿನ್ನ ಹೆಂಡತಿಯ ಮುಪ್ಪನ್ನೂ ನೋಡಬೇಕಲ್ಲ.

ನಾಲ್ಕು ಸಲ ತಿದ್ದಿಸಿದ ಮೇಲೆ ಐದನೆಯ ಸಲ ವಾಸ್ತುಶಿಲ್ಪಿಯ ಬಳಿ ಹೇಗೆ ಹೋಗಲಿ ಎಂದು ಬರೆದಿದ್ದೀಯ. ಹೋಗು. ಕಂಬಗಳ ಜಾಗ ನಿಗದಿಯಾಗುವ ಮೊದಲು ಹೋಗು. ಈಗ ಅಳಿಸಬೇಕಾದದ್ದು ಗೆರೆ, ಆಮೇಲೆ ಒಡೆಯಬೇಕಾದದ್ದು ಗೋಡೆ.

ಅದಕ್ಕೂ ಮುಂಚೆ ಭಾನುವಾರ ನಾನು ಬರುತ್ತೇನೆ. ಹಗ್ಗ, ಗೂಟ, ಅಳತೆ ಟೇಪು ತರುತ್ತೇನೆ. ಮೆಟ್ಟಿಲು, ಅಮ್ಮನ ಕೋಣೆ, ಬಚ್ಚಲು ಈ ಮೂರನ್ನು ನಿವೇಶನದ ಮೇಲೆ ನಿಜವಾದ ಅಳತೆಯಲ್ಲಿ ಗುರುತು ಮಾಡೋಣ. ಬಯಲಿನಲ್ಲಿ ಹಗ್ಗ ಕಟ್ಟಿದ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಗಾಬರಿಯಾಗಬೇಡ. ಅಮ್ಮನನ್ನು ಕರೆದುಕೊಂಡು ಬಾ, ಅವರೇ ಒಂದು ಸಲ ನಡೆದು ನೋಡಲಿ. ರಟ್ಟಿನ ಮಂಚಗಳನ್ನು ಮಕ್ಕಳಿಗಾಗಿ ಲಕೋಟೆಯಲ್ಲಿ ಎತ್ತಿಟ್ಟಿದ್ದೇನೆ.

ನಿನ್ನವನೇ ಆದ
ಗೆಳೆಯ