ಲ್ಯಾಬಿನ ಬೀಗ ತೆಗೆಯಿರಿ

ಸಂಪಾದಕರಿಗೆ ನಮಸ್ಕಾರ.

ನಾನು ಸಾಗರದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಹೋದ ತಿಂಗಳು ಪ್ರೋಟೀನ್ ಪಾಠ ಬಂತು. ಬೋರ್ಡಿನ ಮೇಲೆ ಚಿತ್ರ ಬರೆದು ಬರೆದು ಸಾಕಾಯಿತು, ಮಕ್ಕಳಿಗೆ ತಲೆಗೆ ಹತ್ತಲಿಲ್ಲ. ಕೊನೆಗೆ ನನ್ನ ಮೊಬೈಲನ್ನೇ ಮುಂದಿನ ಬೆಂಚಿಗೆ ಕೊಟ್ಟು ನಾಟಿನ್ ಅನ್ನೋ ಡೇಟಾಬೇಸ್ ತೆಗೆಸಿದೆ. ಫ್ರಾನ್ಸಿನ ವಿಜ್ಞಾನಿಗಳು ಕಟ್ಟಿದ್ದು. ದುಡ್ಡು ಕೊಡಬೇಕಿಲ್ಲ.

ಅದರಲ್ಲಿರೋದು ಒಂದು ಕುಟುಂಬದ ಪುಟ್ಟ ಪ್ರೋಟೀನುಗಳು. ಪ್ರೋಟೀನ್ ಸರಪಳಿಯ ಮಣಿಗಳೇ ಅಮೈನೋ ಆಮ್ಲಗಳು; ಇವುಗಳಲ್ಲಿ ಹೆಚ್ಚಿನವು ಸುಮಾರು 30 ಅಮೈನೋ ಆಮ್ಲದಷ್ಟು ಉದ್ದ, ಅಷ್ಟೇ. ಸಿಸ್ಟೀನ್ ಅನ್ನೋ ಆರು ಅಮೈನೋ ಆಮ್ಲಗಳು ಎರಡೆರಡಾಗಿ ಜೋಡಿಯಾಗಿ ಗಂಧಕದ ಮೂರು ಕೊಂಡಿ ಹಾಕಿಕೊಳ್ಳುತ್ತವೆ, ಪುಸ್ತಕದಲ್ಲಿ ಡೈಸಲ್ಫೈಡ್ ಬಂಧ ಅಂತ ಇರುತ್ತಲ್ಲ, ಅದೇ. ಎರಡು ಕೊಂಡಿ ಮತ್ತು ನಡುವಿನ ಸರಪಳಿ ಸೇರಿ ಉಂಗುರದ ಹಾಗೆ ಆಗುತ್ತದೆ, ಮೂರನೆಯ ಕೊಂಡಿ ಆ ಉಂಗುರದೊಳಗೆ ತೂರಿ ಹೋಗುತ್ತದೆ. ಆ ಗಂಟು ಸುಲಭಕ್ಕೆ ಬಿಚ್ಚೋದಿಲ್ಲ.

ಎಷ್ಟು ಗಟ್ಟಿ ಅಂದರೆ, 1960ರ ದಶಕದಲ್ಲಿ ಕಾಂಗೋದಲ್ಲಿದ್ದ ನಾರ್ವೆಯ ವೈದ್ಯ ಲೊರೆಂಟ್ಸ್ ಗ್ರಾನ್, ಅಲ್ಲಿನ ಹೆಂಗಸರು ಹೆರಿಗೆ ಬೇಗ ಆಗಲಿ ಅಂತ ಒಂದು ಗಿಡ ಕುದಿಸಿ ಕುಡಿಯೋದನ್ನು ನೋಡಿದರು. ಕುದಿಸಿದರೂ ಅದರ ಪ್ರೋಟೀನ್ ಕೆಡಲಿಲ್ಲ, ಹೊಟ್ಟೆಗೆ ಹೋದರೂ ಕೆಲಸ ಮಾಡಿತು. ಅದೇ ಕಲಾಟಾ ಬಿ1. ಅದರ ತಲೆ ಬಾಲ ಎರಡೂ ಕೂಡಿ ಬಳೆಯ ಹಾಗಿದೆ ಅಂತ ಖಚಿತವಾಗಿ ಗೊತ್ತಾಗಿದ್ದು 1995ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಡೇವಿಡ್ ಕ್ರೇಕ್ ತಂಡದಿಂದ. ಇಂಥ ಬಳೆ ಪ್ರೋಟೀನುಗಳಿಗೇ ಅಂತ ಅವರು ಸೈಬೇಸ್ ಅನ್ನೋ ಇನ್ನೊಂದು ಡೇಟಾಬೇಸ್ ನಡೆಸುತ್ತಾರೆ. (ಹಾಗಂತ ಯಾರೂ ಮನೆಯಲ್ಲಿ ಯಾವುದೋ ಸೊಪ್ಪಿನ ಕಷಾಯ ಮಾಡಿ ಬಸುರಿಯರಿಗೆ ಕುಡಿಸಬೇಡಿ, ದಯವಿಟ್ಟು.)

ನಮ್ಮ ಮಕ್ಕಳಿಗೆ ಕಾಂಗೋ ದೂರವಾಯಿತು, ಸಿಹಿಗುಂಬಳ ದೂರವಲ್ಲ ಅಲ್ವಾ? ಕುಂಬಳ ಮತ್ತು ಹಾಗಲದ ಬೀಜದ ಪ್ರೋಟೀನುಗಳ ಅಕ್ಷರದ ಸಾಲು (ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ) ತೆಗೆದು ಒಂದರ ಕೆಳಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಮೊದಲ ಹತ್ತು ಅಕ್ಷರದಲ್ಲಿ ಎಂಟು ಒಂದೇ! ಒಬ್ಬ ಹುಡುಗಿ ಎರಡೂ ಸಾಲಿನ ಸಿಸ್ಟೀನಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು. ಎರಡರಲ್ಲೂ ಆರಾರು. ಬೀಜ ತಿಂದ ಪ್ರಾಣಿಯ ಹೊಟ್ಟೆಯಲ್ಲಿ ಜೀರ್ಣ ಮಾಡೋ ಟ್ರಿಪ್ಸಿನನ್ನು ತಡೆಯೋದು ಇವುಗಳ ಕೆಲಸ ಅಂದಾಗ, ಬೀಜ ತನ್ನನ್ನು ತಾನೇ ಕಾಯ್ಕೊಳ್ಳುತ್ತೆ ಅನ್ನಿ ಮೇಡಂ ಅಂತ ಅವಳೇ ಹೇಳಿದಳು. ನಂಗೆ ಅಷ್ಟು ಖುಷಿ ಆಗಿ ಎಷ್ಟೋ ದಿನ ಆಗಿತ್ತು.

ಆಮೇಲೆ ಹಿತ್ತಲ ಬೇಲಿಯ ಶಂಖಪುಷ್ಪ ಹುಡುಕಿದರು, ಅದೂ ಸೈಬೇಸಿನಲ್ಲಿದೆ. ಹುಡುಕೋಕೆ ಕ್ಲಿಟೋರಿಯಾ ಟರ್ನೇಶಿಯಾ ಅಂತ ಸರಿಯಾಗಿ ಹೊಡೆಯಬೇಕು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಹೆಸರು ಮೊದಲ ಸಲ ಉಪಯೋಗಕ್ಕೆ ಬಂತು. ಅದೇ ಗಿಡದ ರಸದಿಂದ ಮಾಡಿದ ಕೀಟನಾಶಕ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕಿದೆ ಅಂದೆ, ತೋಟದ ಮನೆಯ ಹುಡುಗರು ನೆಟ್ಟಗೆ ಕೂತರು.

ಇಷ್ಟೆಲ್ಲ ಆಗಿದ್ದು ಒಂದು ಮೊಬೈಲಿನಲ್ಲಿ, ಮೂವತ್ತು ಮಕ್ಕಳು ಬಗ್ಗಿ ನೋಡಿ. ಮಳೆ ಬಂದು ನೆಟ್‌ವರ್ಕ್ ಹೋಯಿತು, ತರಗತಿ ಅಲ್ಲಿಗೇ ನಿಂತಿತು. ಅದೇ ಮಹಡಿಯಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ. ಕಂಪ್ಯೂಟರುಗಳ ಮೇಲೆ ಬಟ್ಟೆ ಹೊದಿಸಿದೆ, ಬಾಗಿಲಿಗೆ ಬೀಗ. ವಿಜ್ಞಾನದವರಿಗೆ ಯಾಕೆ, ಅದು ಕಂಪ್ಯೂಟರ್ ವಿಭಾಗದ್ದು ಅನ್ನೋ ಉತ್ತರ ಬಂತು. ಬೇರೆ ಊರಿನ ಉಪನ್ಯಾಸಕ ಗೆಳೆಯರೂ ಇದೇ ಕಥೆ ಹೇಳುತ್ತಾರೆ.

ಹೊಸ ಕಟ್ಟಡ ಕೇಳುತ್ತಿಲ್ಲ, ಅನುದಾನವೂ ಬೇಡ. ಜೀವಶಾಸ್ತ್ರದ ಮಕ್ಕಳಿಗೆ ವಾರಕ್ಕೆ ಒಂದು ಗಂಟೆ ಆ ಲ್ಯಾಬ್ ಕೊಡಿ ಅಂತ ನಮ್ಮ ಜಿಲ್ಲೆಯ ಪ್ರಾಂಶುಪಾಲರನ್ನು ಕೇಳುತ್ತಿದ್ದೇನೆ. ಸೌತೆ ಬೀಜದ್ದು ನೋಡೋದು ಬಾಕಿ ಇದೆ ಅಂತ ಆ ಹುಡುಗಿ ದಿನಾ ನೆನಪಿಸುತ್ತಾಳೆ.

— ಒಬ್ಬ ಉಪನ್ಯಾಸಕಿ, ಸಾಗರ